ಅಳಿಸಬೇಡಿ, ದೂರು ಕೊಡಿ



ಈ ಬಾರಿ ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. 2017ರ ಮಳೆಗಾಲದ ಒಂದು ಸಂಜೆ. ಮದ್ರಸದ ಮಕ್ಕಳನ್ನು ಮನೆಗೆ ಕಳುಹಿಸಿ ಬಾಗಿಲು ಹಾಕುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಕೊಡೆ ಮಡಚಿಕೊಂಡು ಜಗಲಿ ಹತ್ತಿದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಮೊಬೈಲ್ ತೆಗೆದು ನನ್ನ ಕೈಗಿತ್ತು, "ನೀವೇ ನೋಡಿ ಟೀಚರ್, ನನ್ನಿಂದ ನೋಡಲಾಗುವುದಿಲ್ಲ" ಎಂದು ಮುಖ ತಿರುಗಿಸಿದರು. ಮಗಳು ಆಗ ದ್ವಿತೀಯ ಪಿಯುಸಿಯಲ್ಲಿದ್ದಳು. ಸಂಬಂಧಿಕರ ಮದುವೆಯಲ್ಲಿ ತೆಗೆದ ಅವಳ ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿತ್ತು. ಅದರಿಂದ ಮುಖವನ್ನು ಮಾತ್ರ ಕತ್ತರಿಸಿ, ಬೇರೆ ಯಾರದೋ ದೇಹಕ್ಕೆ ಅಂಟಿಸಿ, ಅವಳದೇ ಹೆಸರಿನಲ್ಲಿ ಫೇಸ್‌ಬುಕ್ ಖಾತೆ ತೆರೆದಿದ್ದರು. ಜೊತೆಗೆ ಹಣ ಕೇಳುವ ಸಂದೇಶಗಳು.

ನಾನು ಏನು ಹೇಳಿದೆ ಗೊತ್ತೇ? "ಎಲ್ಲವನ್ನೂ ಈಗಲೇ ಅಳಿಸಿಬಿಡಿ. ಸಿಮ್ ಮುರಿದು ಬಿಸಾಡಿ. ಯಾರಿಗೂ ಹೇಳಬೇಡಿ. ದುಆ ಮಾಡಿ."

ಆ ತಾಯಿ ಹಾಗೆಯೇ ಮಾಡಿದರು. ಉಸ್ತಾದರ, ಟೀಚರ್‌ಗಳ ಮಾತಿನ ಮೇಲೆ ನಮ್ಮ ತಾಯಂದಿರಿಗೆ ಇರುವ ವಿಶ್ವಾಸ ನಿಮಗೆ ಗೊತ್ತಿದೆ. ಮೂರು ವಾರಗಳ ಬಳಿಕ ಇನ್ನೊಂದು ಖಾತೆ ತಲೆಯೆತ್ತಿತು. ಈ ಬಾರಿ ಊರಿನ ಹುಡುಗರ ಮೊಬೈಲ್‌ಗಳಿಗೂ ಅದು ಹೋಯಿತು. ಆಗ ತಂದೆ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಹಣ ಕೇಳಿದ ಸಂದೇಶ ಎಲ್ಲಿದೆ? ಎರಡನೆಯದು, ಯಾವ ನಂಬರ್‌ನಿಂದ ಬಂದಿತ್ತು? ಎರಡಕ್ಕೂ ಉತ್ತರವಿರಲಿಲ್ಲ. ಉತ್ತರವಿದ್ದ ಮೊಬೈಲನ್ನು ನನ್ನ ಮಾತು ಕೇಳಿ ಖಾಲಿ ಮಾಡಿಯಾಗಿತ್ತು. ತನಿಖೆ ಎಲ್ಲಿಗೂ ತಲುಪಲಿಲ್ಲ. ಹುಡುಗಿಯ ಆ ವರ್ಷದ ಪರೀಕ್ಷೆ ತಪ್ಪಿತು. ಕಾಲೇಜು ಬಿಡಿಸಿದರು, ಮೊಬೈಲ್ ಕಿತ್ತುಕೊಂಡರು. ತಪ್ಪು ಮಾಡಿದವನು ಎಲ್ಲೋ ಹಾಯಾಗಿದ್ದ, ಶಿಕ್ಷೆ ಅವಳಿಗಾಯಿತು. ಇದನ್ನು ಬರೆಯಲು ಅವಳ ಮತ್ತು ಅವಳ ಉಮ್ಮನ ಒಪ್ಪಿಗೆ ಕೇಳಿದ್ದೇನೆ. ಒಪ್ಪಿಗೆಯ ವಿಷಯ ಮುಂದೆಯೂ ಬರುತ್ತದೆ.

ನಾನು ಮದ್ರಸದಲ್ಲಿ ಕಲಿತವಳು, ಬಳಿಕ ಬಿ.ಎ. ಮಾಡಿದವಳು. ವಕೀಲಳಲ್ಲ. ಆದರೆ ಆ ಘಟನೆಯ ನಂತರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪುಸ್ತಕ ತರಿಸಿ ಓದಿದೆ. ಅರ್ಥವಾಗದ ಕಡೆ ಪರಿಚಯದ ವಕೀಲೆಯೊಬ್ಬರನ್ನು ಕೇಳಿದೆ. ವಿವಾಹ, ತಲಾಖ್, ವಾರೀಸು ಹಕ್ಕಿನ ಕಾನೂನು ತಿಳಿದಿರಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ದಿನದ ನಾಲ್ಕು ತಾಸು ಕೈಯಲ್ಲಿರುವ ಮೊಬೈಲ್‌ನ ಕಾನೂನನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಈ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮೊದಲಿಗೆ ಇದರ ಗಮನವಿದ್ದದ್ದು ವ್ಯಾಪಾರದ ಕಡೆಗೆ. ಕಂಪ್ಯೂಟರ್‌ನಲ್ಲಿ ಮಾಡಿದ ಸಹಿ, ಕರಾರು ಇತ್ಯಾದಿಗಳಿಗೆ ಮಾನ್ಯತೆ ನೀಡುವುದು ಅದರ ಮುಖ್ಯ ಉದ್ದೇಶವಾಗಿತ್ತು. ಮರುವರ್ಷ, 2001ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. 2008ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ 2009ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಗುರುತಿನ ಕಳ್ಳತನ, ಸೋಗು ಹಾಕಿ ವಂಚನೆ, ಖಾಸಗಿ ಚಿತ್ರ ತೆಗೆಯುವುದು ಮುಂತಾಗಿ ನಮ್ಮ ಮನೆಗಳಿಗೆ ಸಂಬಂಧಪಟ್ಟ ಕಲಮುಗಳು ಹೆಚ್ಚಿನವೂ ಆಗ ಸೇರಿದವು.

ಕಾಯ್ದೆಯ 43ನೇ ಕಲಮನ್ನು ಓದುವಾಗ ನನಗೆ ಮದ್ರಸದ ಪಾಠವೇ ನೆನಪಾಯಿತು. ಇತರರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಕಾಲಿಡಬಾರದೆಂದು ಸೂರಃ ಅನ್ನೂರ್ ಕಲಿಸುವಾಗ ಮಕ್ಕಳಿಗೆ ಹೇಳುತ್ತೇವೆ. ಇತರರ ಗುಟ್ಟು ಕೆದಕಬಾರದೆಂದು ಸೂರಃ ಅಲ್ ಹುಜುರಾತ್‌ನಲ್ಲಿ ಕಲಿಸುತ್ತೇವೆ. 43ನೇ ಕಲಮಿನ ಆರಂಭದಲ್ಲೇ ಮಾಲೀಕರ ಅನುಮತಿಯ ಮಾತಿದೆ. ಒಡೆಯನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಕಂಪ್ಯೂಟರ್ ತೆರೆದರೆ, ಮಾಹಿತಿ ನಕಲು ಮಾಡಿಕೊಂಡರೆ, ವೈರಸ್ ಹಾಕಿದರೆ, ಹಾಳು ಮಾಡಿದರೆ ನಷ್ಟ ಪರಿಹಾರ ಕೊಡಬೇಕು. ಅದನ್ನೇ ಅಪ್ರಾಮಾಣಿಕತೆಯಿಂದ, ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಮಿನ ಪ್ರಕಾರ ಅದು ಅಪರಾಧ. 3 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊಬೈಲ್ ಹೇಗೆ ಕಂಪ್ಯೂಟರ್ ಆಗುತ್ತದೆ ಎಂದು ಕೇಳುವಿರಾ? ಆ ಪ್ರಶ್ನೆ ಆಂಧ್ರ ಪ್ರದೇಶ ಹೈಕೋರ್ಟ್‌ಗೆ ಹೋಗಿತ್ತು. ಮೊಬೈಲ್ ಫೋನ್ ಕೂಡ ಈ ಕಾಯ್ದೆಯ ಅರ್ಥದಲ್ಲಿ ಕಂಪ್ಯೂಟರೇ ಎಂದು 2005ರಲ್ಲೇ ಅದು ಹೇಳಿದೆ.

ಇಲ್ಲಿ ಮನೆಯೊಳಗಿನ ಒಂದು ಮಾತು. ತಂಗಿಯ ಮೊಬೈಲ್‌ಗೆ ಅವಳಿಗೆ ತಿಳಿಯದಂತೆ ಗೂಢಚಾರಿಕೆಯ ಆ್ಯಪ್ ಹಾಕುವ ಅಣ್ಣಂದಿರಿದ್ದಾರೆ. ಪತಿ ಮಲಗಿದ ಮೇಲೆ ಅವರ ಬೆರಳನ್ನೇ ಒತ್ತಿ ಮೊಬೈಲ್ ತೆರೆಯುವ ಪತ್ನಿಯರೂ ಇದ್ದಾರೆ, ನಗಬೇಡಿ. ಸಣ್ಣ ಮಕ್ಕಳ ಮೊಬೈಲನ್ನು ತಂದೆ-ತಾಯಿ ನೋಡಲೇಬೇಕು, ಅದು ಹೊಣೆ. ಆದರೆ ಬೆಳೆದವರ ಮೊಬೈಲನ್ನು ಕದ್ದು ನೋಡುವುದಕ್ಕೆ "ಮನೆಯವರಲ್ಲವೇ" ಎಂಬ ಸಮಜಾಯಿಷಿ ಕಾನೂನಿನಲ್ಲಿಲ್ಲ. ಇಂಟರ್ನೆಟ್‌ನಲ್ಲಿ ಒಬ್ಬ ಹೆಣ್ಣಿನ ಬೆನ್ನು ಹತ್ತಿ ಅವಳ ಚಟುವಟಿಕೆಗಳನ್ನು ಗಮನಿಸುತ್ತಾ ಇರುವುದು ಗಂಡಸಿನ ಪಾಲಿಗೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ.

ಪತಿ, ಮಕ್ಕಳು ಗಲ್ಫ್‌ನಲ್ಲಿರುವ ಸಹೋದರಿಯರು ಇದನ್ನೂ ಗಮನಿಸಬೇಕು. ಸೌದಿ ಅರೇಬಿಯಾದ ಸೈಬರ್ ಅಪರಾಧ ಕಾನೂನು 2007ರಲ್ಲಿ ಬಂದಿತು. ಕ್ಯಾಮೆರಾ ಮೊಬೈಲನ್ನು ದುರುಪಯೋಗಪಡಿಸಿ ಇತರರ ಖಾಸಗಿ ಬದುಕಿಗೆ ಕೈಹಾಕುವುದಕ್ಕೆ ಅಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರಿಯಾಲ್‌ವರೆಗೆ ದಂಡವನ್ನು ಆ ಕಾನೂನು ನಿಗದಿ ಮಾಡಿತು. ಯುಎಇಯಲ್ಲಿ 2021ರ 34ನೇ ಕಾನೂನು 2022ರ ಜನವರಿಯಿಂದ ಜಾರಿಗೆ ಬಂತು. ಅಲ್ಲಿಯೂ ಒಪ್ಪಿಗೆಯಿಲ್ಲದೆ ಇತರರ ಫೋಟೋ ತೆಗೆದು ಹಂಚುವುದು ಜೈಲಿಗೆ ಕರೆದೊಯ್ಯುವ ವಿಷಯ. ರೂಮಿನಲ್ಲಿ ಜಗಳವಾಡುವವರ ವೀಡಿಯೋ ತೆಗೆದು ಊರಿನ ಗ್ರೂಪಿಗೆ ಹಾಕುವ ಹುಡುಗರಿಗೆ ಮನೆಯಿಂದಲೇ ಒಮ್ಮೆ ಹೇಳಿಬಿಡಿ.

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ಅವಳ ಹೆಸರಿನಲ್ಲಿ, ಅವಳ ಫೋಟೋ ಹಾಕಿ ಖಾತೆ ತೆರೆದದ್ದಕ್ಕೆ 66ಸಿ, 66ಡಿ ಎಂಬ ಕಲಮುಗಳು. ಎರಡಕ್ಕೂ 3 ವರ್ಷಗಳವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಕಳುಹಿಸುವುದು 66ಇ. ಅಶ್ಲೀಲವಾದುದನ್ನು ಹರಡುವುದು 67. ಲೈಂಗಿಕ ಕ್ರಿಯೆಯ ಚಿತ್ರಣವಿದ್ದರೆ 67ಎ, ಅದಕ್ಕೆ ಮೊದಲ ಬಾರಿಗೇ 5 ವರ್ಷಗಳವರೆಗೆ ಜೈಲು ಮತ್ತು 10 ಲಕ್ಷದವರೆಗೆ ದಂಡ. ಚಿತ್ರದಲ್ಲಿರುವುದು 18 ತುಂಬದ ಮಗುವಾದರೆ 67ಬಿ. ಅದರಲ್ಲಿ ಹರಡುವುದು ಮಾತ್ರವಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದು ಕೂಡ ಅಪರಾಧ. ಜೊತೆಗೆ ಪೋಕ್ಸೋ ಕಾಯ್ದೆಯೂ ಬರುತ್ತದೆ. ಅವಳಿಗೆ ಆಗ 18 ತುಂಬಿರಲಿಲ್ಲ. ಇಷ್ಟು ಬಲವಾದ ಕಲಮುಗಳು ಅವಳ ಪರವಾಗಿ ಪುಸ್ತಕದಲ್ಲಿ ಕುಳಿತಿದ್ದಾಗ ನಾನು ಸಿಮ್ ಮುರಿಯಲು ಹೇಳಿದ್ದೆ.

67ನೇ ಕಲಮಿನಲ್ಲಿ ಪ್ರಕಟಿಸುವುದರ ಜೊತೆಗೆ ರವಾನಿಸುವುದು ಎಂಬ ಶಬ್ದವೂ ಇದೆ. ಇದರ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ಗ್ರೂಪ್‌ಗಳಲ್ಲಿ ಏನಾಗುತ್ತದೆ? ಒಬ್ಬಳ ಚಿತ್ರವೋ ವೀಡಿಯೋವೋ ಹೊರಬಿದ್ದ ಕೂಡಲೇ "ಹೆತ್ತವರೇ ಎಚ್ಚರ, ನಿಮ್ಮ ಹೆಣ್ಣುಮಕ್ಕಳನ್ನು ಗಮನಿಸಿ" ಎಂಬ ಒಕ್ಕಣೆಯೊಂದಿಗೆ ಅದು ಗ್ರೂಪಿನಿಂದ ಗ್ರೂಪಿಗೆ ಹಾರುತ್ತದೆ. ಕಳುಹಿಸುವವರು ಹೆಚ್ಚಾಗಿ ಒಳ್ಳೆಯ ಜನ. ಸಮುದಾಯದ ಕಾಳಜಿಯೆಂದೇ ತಿಳಿದು ಕಳುಹಿಸುತ್ತಾರೆ. ಆದರೆ ಮೇಲೆ ಎಚ್ಚರಿಕೆಯ ಮಾತು ಬರೆದ ಮಾತ್ರಕ್ಕೆ ಕೆಳಗಿನ ಚಿತ್ರ ಬೇರೆಯಾಗುವುದಿಲ್ಲ. ಮೊದಲು ಹರಡಿದವನು ಒಬ್ಬ, ಅದನ್ನು ಐನೂರು ಮನೆಗೆ ಮುಟ್ಟಿಸಿದವರು ನಾವು. ನನ್ನ ವಿದ್ಯಾರ್ಥಿನಿಯ ಚಿತ್ರವನ್ನು ಅವಳ ಅತ್ತಿಗೆಯ ತಂಗಿಗೆ ಕಳುಹಿಸಿದವರು ಪ್ರತಿವಾರ ಧಾರ್ಮಿಕ ತರಗತಿಗೆ ಬರುವ ಒಬ್ಬ ಮಹಿಳೆ. "ಪಾಪ, ಅವರಿಗೆ ತಿಳಿದಿರಲಿ ಎಂದು ಕಳುಹಿಸಿದೆ" ಎಂದರು. ಅವರಿಗೆ ಕಾನೂನು ಗೊತ್ತಿರಲಿಲ್ಲ, ಒಪ್ಪೋಣ. ಇತರರ ನ್ಯೂನತೆಯನ್ನು ಮರೆಮಾಚಬೇಕೆಂಬ ಪಾಠವಂತೂ ಗೊತ್ತಿತ್ತು.

2021 ಮತ್ತು 2022ರಲ್ಲಿ ದೇಶವೇ ನೋಡಿದ ಒಂದು ಪ್ರಕರಣವನ್ನು ನೀವು ಮರೆತಿರಲಾರಿರಿ. 2021ರ ಜುಲೈ ಆರಂಭದಲ್ಲಿ ಗಿಟ್‌ಹಬ್ ಎಂಬ ತಾಣದಲ್ಲಿ ಒಂದು ಆ್ಯಪ್ ಕಾಣಿಸಿಕೊಂಡಿತು. ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರ ಸಾಮಾಜಿಕ ಜಾಲತಾಣದ ಖಾತೆಗಳಿಂದ ಎತ್ತಿಕೊಂಡು, ಇವತ್ತಿನ ವ್ಯವಹಾರ ಎಂಬಂತೆ ಹರಾಜಿಗಿಟ್ಟು ತೋರಿಸುವ ಆ್ಯಪ್ ಅದು. ಅದರ ಹೆಸರೇ ನಮ್ಮನ್ನು ಬೈಯುವ ಶಬ್ದದಿಂದ ಮಾಡಿದ್ದು. ದೆಹಲಿ ಪೊಲೀಸರು ಎಫ್‌ಐಆರ್ ದಾಖಲಿಸಿದರು. ಆರು ತಿಂಗಳು ಒಬ್ಬನ ಬಂಧನವೂ ಆಗಲಿಲ್ಲ. ಆ ಕಂಪೆನಿ ಇರುವುದು ಅಮೆರಿಕದಲ್ಲಿ. ಅಲ್ಲಿಂದ ಮಾಹಿತಿ ತರಿಸಬೇಕಾದರೆ ಎರಡು ದೇಶಗಳ ನಡುವಿನ ಕಾನೂನು ನೆರವಿನ ಒಪ್ಪಂದದ ದಾರಿಯಲ್ಲಿ ಹೋಗಬೇಕು, ಅದು ನಿಧಾನದ ದಾರಿ. ಯಾರೂ ಹಿಡಿಯುವವರಿಲ್ಲ ಎಂದಾದಾಗ 2022ರ ಜನವರಿ 1ರಂದು ಅಂತಹದೇ ಇನ್ನೊಂದು ಆ್ಯಪ್, ಬುಲ್ಲಿ ಬಾಯಿ, ಬಂದಿತು. ಈ ಬಾರಿ ನೂರಕ್ಕೂ ಹೆಚ್ಚು ಮಹಿಳೆಯರು. ಪತ್ರಕರ್ತೆಯರು, ಹೋರಾಟಗಾರ್ತಿಯರು, ಕಾಣೆಯಾದ ಮಗನಿಗಾಗಿ ವರ್ಷಗಳಿಂದ ನ್ಯಾಯ ಕೇಳುತ್ತಿದ್ದ ಒಬ್ಬ ವೃದ್ಧ ತಾಯಿಯ ಫೋಟೋ ಸಹ ಅದರಲ್ಲಿತ್ತು.

ಆ ಮಹಿಳೆಯರು ಏನು ಮಾಡಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅವರಲ್ಲಿ ಹಲವರು ಬಚ್ಚಿಟ್ಟುಕೊಳ್ಳಲಿಲ್ಲ. ತಮ್ಮ ಹೆಸರಿನಲ್ಲೇ ದೂರು ಕೊಟ್ಟರು, ದೂರಿನ ಪ್ರತಿಯನ್ನು ಎಲ್ಲರೂ ನೋಡುವಂತೆ ಹಾಕಿದರು. ದೆಹಲಿಯಲ್ಲಿ ಒಬ್ಬ ಪತ್ರಕರ್ತೆ, ಮುಂಬೈಯಲ್ಲಿ ಬೇರೆಯವರು. ಮುಂಬೈ ಪೊಲೀಸರು ಆಗಿನ ಭಾರತೀಯ ದಂಡ ಸಂಹಿತೆಯ 153ಎ, 295ಎ, 354ಡಿ, 509 ಮುಂತಾದ ಕಲಮುಗಳ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮನ್ನೂ ಹಾಕಿದರು. ಕೆಲವೇ ದಿನಗಳಲ್ಲಿ ಬಂಧನಗಳಾದವು. ಮೊದಲು ಸಿಕ್ಕಿಬಿದ್ದವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21ರ ಯುವಕ. ಬಳಿಕ ಉತ್ತರಾಖಂಡದಿಂದ ಒಬ್ಬ ಯುವತಿ, ಅಸ್ಸಾಮ್‌ನಿಂದ ಆ್ಯಪ್ ತಯಾರಿಸಿದ ವಿದ್ಯಾರ್ಥಿ. ಅದಾದ ಮೇಲೆ ಹಳೆಯ ಆ್ಯಪ್‌ನ ಆರೋಪಿಯೂ ಇಂದೋರಿನಲ್ಲಿ ಸಿಕ್ಕಿದ. ಆರು ತಿಂಗಳಲ್ಲಿ ಆಗದ್ದು ಒಂದು ವಾರದಲ್ಲಿ ಆಯಿತು. ಅವರಿಗೆ 2022ರಲ್ಲೇ ಜಾಮೀನು ಸಿಕ್ಕಿತು. ಅದು ಅನೇಕರಿಗೆ ನೋವು ತಂದಿತು. ಆದರೆ ಜಾಮೀನು ಎಂದರೆ ಖುಲಾಸೆಯಲ್ಲ ಎಂಬುದನ್ನು ತಿಳಿದಿರಬೇಕು. ಈ ಕಾಯ್ದೆಯ 77ಬಿ ಕಲಮಿನ ಪ್ರಕಾರ 3 ವರ್ಷಗಳ ಶಿಕ್ಷೆಯ ಅಪರಾಧಗಳಿಗೆ ಜಾಮೀನು ದೊರೆಯುತ್ತದೆ. ನೀವು ದೂರು ಕೊಟ್ಟ ವ್ಯಕ್ತಿ ಮರುದಿನ ಪೇಟೆಯಲ್ಲಿ ಕಾಣಿಸಿದರೆ ಮೊಕದ್ದಮೆ ಮುಗಿಯಿತೆಂದು ಎದೆಗುಂದಬೇಡಿ.

ಕಾನೂನು ಯಾವಾಗಲೂ ದುರ್ಬಲರ ಕಡೆಗೇ ನಿಂತಿತ್ತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಇದೇ ಕಾಯ್ದೆಯಲ್ಲಿ 66ಎ ಎಂಬ ಕಲಮಿತ್ತು. ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ 3 ವರ್ಷ ಜೈಲು. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ನಾಯಕರ ನಿಧನದ ಬಳಿಕ ಮುಂಬೈ ಬಂದ್ ಆದುದನ್ನು ಪ್ರಶ್ನಿಸಿ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರ ಬಂಧನವೂ ಆಯಿತು. ಬರೆದವಳು ನಮ್ಮವಳೇ, ಮುಸ್ಲಿಮ್ ಹುಡುಗಿ. ಅದನ್ನು ಕಂಡು ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಮ್ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನೇ ರದ್ದುಪಡಿಸಿತು. ಇಂದೂ ಯಾರಾದರೂ 66ಎ ಎಂದು ಹೆದರಿಸಿದರೆ, ಅಂತಹ ಕಲಮು ಬದುಕಿಲ್ಲ ಎಂದು ಹೇಳಿ.

ಇನ್ನು ಹಣದ ವಿಷಯ. ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ಸಹಾಯವಾಣಿಯ ಸಂಖ್ಯೆ ಈಗ 1930. ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಕಡೆ ಇದನ್ನೂ ಬರೆದಿಡಿ. ಖಾತೆಯಿಂದ ಹಣ ಹೋದ ಕೂಡಲೇ ಈ ಸಂಖ್ಯೆಗೆ ಕರೆ ಮಾಡಿದರೆ ಪೊಲೀಸರ ಬಳಿಯಿರುವ ವ್ಯವಸ್ಥೆಯಿಂದ ಸಂಬಂಧಪಟ್ಟ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿಂದ ಮುಂದಿನ ಖಾತೆಗೆ ದಾಟಿದ್ದರೆ ಆ ಬ್ಯಾಂಕಿಗೆ, ಅಲ್ಲಿಂದಲೂ ದಾಟಿದ್ದರೆ ಮುಂದಿನದಕ್ಕೆ. ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಹತ್ತು ಖಾತೆಗಳಿಗೆ ಹಂಚಿ ನಗದು ಮಾಡಿಕೊಳ್ಳುವ ಮೊದಲು ತಲುಪಬೇಕು. ಆದ್ದರಿಂದ ಮೊದಲ ಒಂದೆರಡು ತಾಸುಗಳು ಬಹಳ ಬೆಲೆಯವು. ಪತಿ ದುಬೈಯಿಂದ ಫೋನ್ ಮಾಡುವ ರಾತ್ರಿಯವರೆಗೆ, ಅವರ ಕೋಪಕ್ಕೆ ಹೆದರಿ ಮರುದಿನದವರೆಗೆ ಕಾದ ಸಹೋದರಿಯರನ್ನು ನಾನು ಕಂಡಿದ್ದೇನೆ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ನಿಯಮವೊಂದಿದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟದ ಹೊಣೆ ನಿಮಗಿಲ್ಲ ಎಂದು ಅದು ಹೇಳಿತು. 4ರಿಂದ 7 ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಆದರೆ ಒಟಿಪಿಯನ್ನು ನೀವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ತಪ್ಪು ನಿಮ್ಮಿಂದಲೇ ಆಗಿದ್ದರೂ ಬೇಗ ತಿಳಿಸುವುದರಿಂದ ಲಾಭವಿದೆ.

ಡಿಜಿಟಲ್ ಅರೆಸ್ಟ್ ಎಂಬುದರ ಬಗ್ಗೆ ನೀವು ಕೇಳಿರಬಹುದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಭಯೋತ್ಪಾದಕರ ಕೈಯಲ್ಲಿದೆ ಎಂದು ವೀಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರದವನೊಬ್ಬ ಗದರಿಸುತ್ತಾನೆ. ಕೋಣೆಯಿಂದ ಹೊರಗೆ ಬರಬೇಡಿ, ಯಾರಿಗೂ ಹೇಳಬೇಡಿ, ಹಣವನ್ನು ಪರಿಶೀಲನೆಗೆ ಕಳುಹಿಸಿ ಎನ್ನುತ್ತಾನೆ. ಎರಡನೆಯ ಮಾತು ಕೇಳಿದರೆ ನಮ್ಮ ಸಮುದಾಯದವರ ಕೈಕಾಲು ಬೇಗ ತಣ್ಣಗಾಗುತ್ತದೆ. ಏಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಂಚಕರಿಗೂ ಅದು ಗೊತ್ತಿದೆ. 2025ರಲ್ಲಿ ಹರಿಯಾಣದ ಅಂಬಾಲದ ವೃದ್ಧೆಯೊಬ್ಬರು ಸುಪ್ರೀಮ್ ಕೋರ್ಟಿನದೆಂದು ತೋರಿಸಿದ ನಕಲಿ ಆದೇಶಗಳನ್ನು ನಂಬಿ ಒಂದು ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡರು. ಆದರೆ ಅವರು ಸುಮ್ಮನಾಗದೆ ನೇರವಾಗಿ ಆ ನ್ಯಾಯಾಲಯಕ್ಕೇ ಪತ್ರ ಬರೆದರು. ಕೋರ್ಟು ಅಕ್ಟೋಬರ್‌ನಲ್ಲಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ಡಿಸೆಂಬರ್ 1ರಂದು ಇಂತಹ ವಂಚನೆಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ನಮ್ಮ ದೇಶದ ಯಾವ ಕಾನೂನಿನಲ್ಲೂ ವೀಡಿಯೋ ಕರೆಯಲ್ಲಿ ಬಂಧಿಸುವ ಅಧಿಕಾರವಿಲ್ಲ. ನಿಜವಾದ ಬಂಧನಕ್ಕೂ ನಿಯಮವಿದೆ. ಅಸಾಧಾರಣ ಸಂದರ್ಭವನ್ನು ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣನ್ನು ಬಂಧಿಸುವಂತಿಲ್ಲ. ಅಂತಹ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು.

ಮಕ್ಕಳ ಬಗ್ಗೆ ಹೇಳದಿದ್ದರೆ ಈ ಅಂಕಣ ಅರ್ಧವಾಗುತ್ತದೆ. ವಂಚಿಸಿದ ಹಣ ಯಾರದೋ ಖಾತೆಗೆ ಬರಬೇಕಲ್ಲ? ಅದಕ್ಕಾಗಿ ಕಾಲೇಜು ಹುಡುಗರ ಖಾತೆಗಳನ್ನು ಬಾಡಿಗೆಗೆ ಪಡೆಯುವ ದಲ್ಲಾಳಿಗಳಿದ್ದಾರೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ಕೈಗೆ ಕೆಲವು ಸಾವಿರ. ಹುಡುಗನಿಗೆ ಅದು ಸುಲಭದ ಸಂಪಾದನೆ. ತಾಯಿಗೆ ಮಗ ಹೊಸ ಶೂ ತೆಗೆದುಕೊಂಡ ಸಂತೋಷ. ಒಂದು ದಿನ ಬೇರೆ ರಾಜ್ಯದ ಪೊಲೀಸರು ಮನೆಯ ಮುಂದೆ ಜೀಪು ನಿಲ್ಲಿಸುತ್ತಾರೆ. ಯಾರೋ ನಿವೃತ್ತ ಮೇಷ್ಟ್ರು ಜೀವಮಾನವೆಲ್ಲ ಕೂಡಿಟ್ಟ ಹಣ ಈ ಹುಡುಗನ ಖಾತೆಯ ಮೂಲಕ ಹಾದುಹೋಗಿರುತ್ತದೆ. "ನನಗೆ ಗೊತ್ತಿರಲಿಲ್ಲ" ಎಂಬುದನ್ನು ಸಾಬೀತುಪಡಿಸಲು ವಕೀಲರ ಶುಲ್ಕ, ಊರೂರು ಅಲೆದಾಟ. ಮಗನ ಕೈಯಲ್ಲಿ ಲೆಕ್ಕಕ್ಕೆ ಸಿಗದ ಹಣ ಕಂಡರೆ ಎಲ್ಲಿಂದ ಬಂತೆಂದು ಕೇಳಿ. ಹಲಾಲ್ ಊಟದ ಬಗ್ಗೆ ಅಷ್ಟೊಂದು ವಿಚಾರಿಸುವವರು ನಾವು.

ಸಾಕ್ಷ್ಯದ ವಿಷಯಕ್ಕೆ ಮರಳುತ್ತೇನೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳನ್ನು ದಾಳಿಕೋರರು ಬೀಗ ಹಾಕಿದಂತೆ ಕಟ್ಟಿಹಾಕಿದರು. ಹಲವು ದಿನ ರೋಗಿಗಳ ಚೀಟಿಯಿಂದ ರಕ್ತ ಪರೀಕ್ಷೆಯವರೆಗೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಇಂತಹ ದಾಳಿಗಳನ್ನು ಎದುರಿಸಲು 2004ರಿಂದ ಸರ್ಟ್-ಇನ್ ಎಂಬ ಸರಕಾರಿ ಸಂಸ್ಥೆಯಿದೆ. ದಾಳಿಯಾದುದು ತಿಳಿದ 6 ತಾಸುಗಳೊಳಗೆ ತನಗೆ ವರದಿ ಮಾಡಬೇಕು, ಕಂಪ್ಯೂಟರ್ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಅದು 2022ರ ಏಪ್ರಿಲ್ 28ರಂದು ಎಲ್ಲ ಸಂಸ್ಥೆಗಳಿಗೆ ಆದೇಶಿಸಿತು. ದೊಡ್ಡ ಆಸ್ಪತ್ರೆಗಳಿಗೆ, ಬ್ಯಾಂಕುಗಳಿಗೆ ಹೇಳಿದ ಮಾತು ಎಂದು ಪುಟ ತಿರುಗಿಸಬೇಡಿ. 2021ರ ಸಾಮಾಜಿಕ ಜಾಲತಾಣಗಳ ನಿಯಮದಲ್ಲೂ ಅದೇ 180 ದಿನಗಳ ಲೆಕ್ಕವಿತ್ತು. ತೆಗೆದುಹಾಕಿದ ಮಾಹಿತಿಯನ್ನು ತನಿಖೆಗಾಗಿ ಕಂಪೆನಿ ಅಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಅದು ಹೇಳಿತು. ಮಾನ ಹೋದೀತೆಂದು ಒಂದು ವರ್ಷ ಯೋಚಿಸಿ ದೂರು ಕೊಡಲು ಹೋದರೆ ಯಾರ ಬಳಿಯೂ ಗುರುತು ಉಳಿದಿರದೆ ಹೋಗಬಹುದು.

ಹಾಗಾದರೆ ನಾನು ಅಂದು ಏನು ಹೇಳಬೇಕಿತ್ತು? ಮೊಬೈಲ್‌ನಲ್ಲಿ ಏನನ್ನೂ ಅಳಿಸಬೇಡಿ ಎನ್ನಬೇಕಿತ್ತು. ಸಂದೇಶ, ನಂಬರ್, ಖಾತೆಯ ಹೆಸರು, ಅದರ ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಮೂಲ ಮೊಬೈಲನ್ನೂ ಹಾಗೆಯೇ ಇಟ್ಟುಕೊಳ್ಳಿ ಎನ್ನಬೇಕಿತ್ತು. ನ್ಯಾಯಾಲಯದಲ್ಲಿ ಮೊಬೈಲ್‌ನಿಂದ ತೆಗೆದ ಪ್ರತಿಗೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಮ್ ಕೋರ್ಟ್ 2020ರಲ್ಲಿ ಹೇಳಿದೆ. ಆ ಕೆಲಸವನ್ನು ವಕೀಲರು, ಪೊಲೀಸರು ನೋಡಿಕೊಳ್ಳುತ್ತಾರೆ. ನಮ್ಮ ಕೆಲಸ ಮೂಲವನ್ನು ಕಾಪಾಡುವುದು. ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ ಎನ್ನಬೇಕಿತ್ತು. ಖಾತೆಯನ್ನು ತೆಗೆಸುವುದು ಬೇರೆ, ನಮ್ಮ ಸಾಕ್ಷ್ಯವನ್ನು ಅಳಿಸುವುದು ಬೇರೆ. ನಗ್ನ ಚಿತ್ರ, ತಿರುಚಿದ ಚಿತ್ರ, ನಮ್ಮ ಹೆಸರಿನ ನಕಲಿ ಖಾತೆಯ ಬಗ್ಗೆ ದೂರು ಬಂದರೆ 24 ತಾಸುಗಳೊಳಗೆ ತೆಗೆಯಬೇಕೆಂದು 2021ರ ನಿಯಮಗಳು ಕಂಪೆನಿಗಳಿಗೆ ಗಡುವು ಹಾಕಿದವು. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಸೌಲಭ್ಯವೂ ಇದೆ. ಚಿತ್ರ ನಿಮ್ಮ ಮೊಬೈಲ್‌ನಲ್ಲೇ ಇರುತ್ತದೆ, ಅದರಿಂದ ತಯಾರಾದ ಒಂದು ಸಂಕೇತ ಮಾತ್ರ ಹೋಗಿ, ಸಹಭಾಗಿ ಕಂಪೆನಿಗಳ ತಾಣಗಳಲ್ಲಿ ಆ ಚಿತ್ರವನ್ನು ತಡೆಯುತ್ತದೆ.

ದೂರು ಕೊಡಲು ಜಿಲ್ಲೆಯ ಸೆನ್ ಠಾಣೆ ಇದೆ. ಅದು ದೂರವಾದರೆ ಹತ್ತಿರದ ಯಾವುದೇ ಠಾಣೆಗೂ ಹೋಗಬಹುದು. ವ್ಯಾಪ್ತಿ ನಮ್ಮದಲ್ಲ ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ತಾಣದಲ್ಲಿ ಮನೆಯಿಂದಲೇ ದಾಖಲಿಸಬಹುದು. ಮಹಿಳೆಯರ, ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ಅಲ್ಲಿ ತಿಳಿಸುವ ಅವಕಾಶವಿದೆ. "ಠಾಣೆಯಲ್ಲಿ ಗಂಡಸರ ಮುಂದೆ ಹೇಗೆ ಹೇಳುವುದು ಟೀಚರ್?" ಎಂದು ನನ್ನಲ್ಲಿ ಕೇಳುವವರೇ ಹೆಚ್ಚು. ಬೆನ್ನು ಹತ್ತುವುದು, ಕದ್ದು ಚಿತ್ರ ತೆಗೆಯುವುದು, ಮಾನಕ್ಕೆ ಕುಂದು ತರುವ ಮಾತು ಮುಂತಾದ ಅಪರಾಧಗಳಲ್ಲಿ ಹೆಣ್ಣಿನ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇದೂ 173ರಲ್ಲೇ ಇದೆ. ಬಳಿಕ ಸಾಕ್ಷಿಯಾಗಿ ವಿಚಾರಿಸಲು ಹೆಣ್ಣನ್ನು ಠಾಣೆಗೆ ಕರೆಸುವಂತಿಲ್ಲ, ಅವಳ ಮನೆಗೇ ಬರಬೇಕು, ಅದು 179ನೇ ಕಲಮು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಎಲ್ಲ ಠಾಣೆಗಳಲ್ಲೂ ಇದು ಸಲೀಸಾಗಿ ನಡೆಯುತ್ತದೆ ಎಂದು ನಾನು ಹೇಳಲಾರೆ. ಕಲಮಿನ ಸಂಖ್ಯೆ ಗೊತ್ತಿದ್ದು ಕೇಳಿದವರಿಗೂ ಗೊತ್ತಿಲ್ಲದೆ ನಿಂತವರಿಗೂ ಸಿಗುವ ಉತ್ತರದಲ್ಲಿ ವ್ಯತ್ಯಾಸವಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಆ ವಿದ್ಯಾರ್ಥಿನಿ ಎರಡು ವರ್ಷಗಳ ಬಳಿಕ ಖಾಸಗಿಯಾಗಿ ಪಿಯುಸಿ ಮುಗಿಸಿ, ಮದುವೆಯ ನಂತರ ದೂರ ಶಿಕ್ಷಣದಲ್ಲಿ ಬಿ.ಕಾಂ. ಮಾಡಿದಳು. ಕಳೆದ ವರ್ಷ ಅವಳ ನಾದಿನಿಗೆ ಇಂತಹದೇ ಕಾಟ ಶುರುವಾಯಿತಂತೆ. ಮನೆಯವರು ಹಳೆಯ ಮಾತನ್ನೇ ಹೇಳಿದರಂತೆ, ಅಳಿಸು, ಸಿಮ್ ಬಿಸಾಡು. ಇವಳು ಎರಡೂ ಮಾಡಗೊಡದೆ, ಮೊಬೈಲನ್ನು ಚೀಲದಲ್ಲಿ ಹಾಕಿಕೊಂಡು, ನಾದಿನಿಯ ಕೈಹಿಡಿದು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸೆನ್ ಠಾಣೆಗೆ ಹೋದಳು. ಹೋಗುವ ಮೊದಲು ನನ್ನನ್ನು ಕೇಳಲಿಲ್ಲ. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕಿದ ಮೇಲೆ ಬಸ್ ನಿಲ್ದಾಣದಿಂದ ಫೋನ್ ಮಾಡಿ ತಿಳಿಸಿದಳು.